ನಾರು ನೀರು ಕುಡಿದಾಗ: ಬಟ್ಟೆ ಮತ್ತು ಪುಸ್ತಕದ ಕೆಲಸ

ನಾನು ಬಟ್ಟೆಗೆ ಬಣ್ಣ ಹಾಕುತ್ತೇನೆ, ಅದರ ಮೇಲೆ ಸೂಜಿ ಕೆಲಸ ಮಾಡುತ್ತೇನೆ, ಕೈಯಲ್ಲೇ ಪುಸ್ತಕ ಹೊಲಿಯುತ್ತೇನೆ. ವಾರದಲ್ಲಿ ಒಂದೆರಡು ದಿನ ಇದನ್ನೇ ಬೇರೆಯವರಿಗೆ ಕಲಿಸುತ್ತೇನೆ. ಇಷ್ಟು ಹೇಳಿದರೆ ಕೇಳಿದವರು ಸ್ವಲ್ಪ ತಡೆದು ಒಂದು ಪ್ರಶ್ನೆ ಹಾಕುತ್ತಾರೆ. ಬಟ್ಟೆ ಒಂದು ಕಡೆ, ಪುಸ್ತಕ ಇನ್ನೊಂದು ಕಡೆ, ಎರಡನ್ನೂ ಒಬ್ಬರೇ ಯಾಕೆ ಮಾಡೋದು? ಒಳ್ಳೆಯ ಪ್ರಶ್ನೆ. ಇದಕ್ಕೆ ಪೂರ್ತಿ ಉತ್ತರ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಕಾಗದ ಬಹುಕಾಲ ಹಳೆ ಬಟ್ಟೆಯಿಂದಲೇ ಆಗುತ್ತಿತ್ತು. ಕ್ರಿ.ಶ. 105ರಲ್ಲಿ ಚೀನಾದ ಅರಮನೆಯಲ್ಲಿದ್ದ ತ್ಸಾಯ್ ಲುನ್ ಕಾಗದ ಮಾಡುವ ವಿಧಾನವನ್ನು ದೊರೆಗೆ ಒಪ್ಪಿಸಿದ ಅಂತ ಹಳೆಯ ದಾಖಲೆ ಹೇಳುತ್ತದೆ. ಅವನು ಬಳಸಿದ್ದು ಮರದ ತೊಗಟೆ, ಸೆಣಬು, ಹಳೆ ಬಟ್ಟೆ ಚಿಂದಿ, ಹರಿದ ಮೀನುಬಲೆ. ಯುರೋಪಿನಲ್ಲಿ 19ನೇ ಶತಮಾನದ ನಡುವಿನವರೆಗೂ ಪುಸ್ತಕದ ಕಾಗದ ಅಂದರೆ ಲಿನನ್ ಮತ್ತು ಹತ್ತಿಯ ಚಿಂದಿಯೇ. ಯಾರೋ ಉಟ್ಟು, ಒಗೆದು, ಸವೆಸಿದ ಬಟ್ಟೆಯನ್ನು ಕೊಳೆಹಾಕಿ, ಕುಟ್ಟಿ, ನೀರಿನಲ್ಲಿ ತೇಲಿಸಿ, ಜರಡಿಯಲ್ಲಿ ಎತ್ತಿದರೆ ಹಾಳೆ. 1844ರ ಸುಮಾರಿಗೆ ಜರ್ಮನಿಯ ಫ್ರೀಡ್ರಿಕ್ ಗಾಟ್ಲಾಬ್ ಕೆಲ್ಲರ್ ಮರ ಅರೆದು ತಿರುಳು ಮಾಡುವ ಯಂತ್ರ ಕಂಡುಹಿಡಿದ. ಆಮೇಲೆ ಮೆಲ್ಲಮೆಲ್ಲಗೆ ಚಿಂದಿಯ ಜಾಗಕ್ಕೆ ಮರ ಬಂತು. ಐನೂರು ವರ್ಷದ ಹಾಳೆ ಇವತ್ತಿಗೂ ಬೆಳ್ಳಗಿದ್ದು, ನೂರು ವರ್ಷದ ಹಾಳೆ ಮುಟ್ಟಿದರೆ ಮುರಿಯುವುದಕ್ಕೆ ಇದು ಒಂದು ಕಾರಣ. ಇಂಗ್ಲಿಷಿನ ಟೆಕ್ಸ್ಟ್, ಟೆಕ್ಸ್‌ಟೈಲ್ ಎರಡೂ ಪದ ಹುಟ್ಟಿದ್ದು 'ನೇಯು' ಅನ್ನುವ ಅರ್ಥದ ಒಂದೇ ಲ್ಯಾಟಿನ್ ಮಾತಿನಿಂದ. ನಾವೂ ಹಾಸುಹೊಕ್ಕು ಅಂತ ಕತೆಗೂ ಹೇಳುತ್ತೇವೆ, ಸೀರೆಗೂ ಹೇಳುತ್ತೇವೆ.

ಆದರೆ ನನ್ನ ನಿಜವಾದ ಉತ್ತರ ಇತಿಹಾಸದ್ದಲ್ಲ, ಕೆಲಸದ ಮೇಜಿನದು. ಬಟ್ಟೆ ಇರಲಿ, ಕಾಗದ ಇರಲಿ, ರಟ್ಟು ಇರಲಿ, ಎಲ್ಲವೂ ನಾರು. ನಾರು ನೀರು ಕುಡಿಯುತ್ತದೆ, ಉಬ್ಬುತ್ತದೆ, ಒಣಗುವಾಗ ಎಳೆದುಕೊಳ್ಳುತ್ತದೆ. ಬಣ್ಣ ನಿಲ್ಲೋದು, ಬಿಡೋದು, ರಟ್ಟು ಸೊಟ್ಟಗಾಗೋದು, ಪುಟ ಸುಕ್ಕಾಗೋದು, ಎಲ್ಲದರ ಹಿಂದೆಯೂ ಇದೇ ಇದೆ. ಇದೊಂದು ಕೈಗೆ ಅರ್ಥವಾದರೆ ಉಳಿದದ್ದು ಸುಲಭ.

ಬಣ್ಣದಿಂದ ಶುರು ಮಾಡೋಣ. ಹೊಸ ಹತ್ತಿ ಬಟ್ಟೆ ಕಣ್ಣಿಗೆ ಶುಭ್ರವಾಗಿಯೇ ಇರುತ್ತದೆ. ಅದರ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಎಷ್ಟೋ ಸಲ ಹನಿ ಗುಂಡಗೆ ಹಾಗೇ ಕೂತಿರುತ್ತದೆ, ಕೆಸುವಿನೆಲೆಯ ಮೇಲೆ ಕೂತ ಹಾಗೆ. ಹತ್ತಿಯಲ್ಲಿ ಹುಟ್ಟಿನಿಂದಲೇ ಇರುವ ಮೇಣದಂಥ ಅಂಶ, ಜೊತೆಗೆ ನೇಯುವಾಗ ಹಾಕಿದ ಗಂಜಿ, ನೀರನ್ನು ಒಳಗೆ ಬಿಡುವುದಿಲ್ಲ. ನೀರೇ ಹೋಗದ ಕಡೆ ಬಣ್ಣ ಎಲ್ಲಿ ಹೋಗುತ್ತದೆ? ಅದಕ್ಕೇ ಮೊದಲು ವಾಷಿಂಗ್ ಸೋಡಾ ಹಾಕಿ ಒಂದೆರಡು ಗಂಟೆ ಕುದಿಸಬೇಕು. ಬಿಳಿ ಬಟ್ಟೆ ಕುದಿಸಿದ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಹೊಸಬರಿಗೆ ಇದನ್ನು ನೋಡಿದಾಗ ಆಗುವ ಆಶ್ಚರ್ಯ ನನಗೆ ಇವತ್ತಿಗೂ ಇಷ್ಟ. ಮತ್ತೆ ಹನಿ ಬಿಟ್ಟರೆ ಈ ಸಲ ತಕ್ಷಣ ಇಂಗಿಹೋಗುತ್ತದೆ.

ಮುಂದಿನದು ಬಣ್ಣ ಕಚ್ಚಿಸುವ ಕೆಲಸ. ಬಣ್ಣ ಕಚ್ಚಬೇಕು ಅಂತ ನಾವು ಆಡುಮಾತಿನಲ್ಲಿ ಹೇಳುತ್ತೇವಲ್ಲ, ಬಣ್ಣಗಾರರು ಬಳಸುವ ಮಾರ್ಡೆಂಟ್ ಅನ್ನುವ ಪದದ ಬೇರೂ 'ಕಚ್ಚು' ಅಂತಲೇ. ಗಿಡದ ಬಣ್ಣಗಳಲ್ಲಿ ಹೆಚ್ಚಿನವು ನಾರಿನ ಜೊತೆ ತಾವಾಗಿಯೇ ಗಟ್ಟಿಯಾಗಿ ಸೇರುವುದಿಲ್ಲ. ನಡುವೆ ಒಂದು ಲೋಹದ ಉಪ್ಪು ಬೇಕು. ಅದು ಒಂದು ಕೈಯಲ್ಲಿ ನಾರನ್ನು, ಇನ್ನೊಂದು ಕೈಯಲ್ಲಿ ಬಣ್ಣವನ್ನು ಹಿಡಿದುಕೊಳ್ಳುತ್ತದೆ. ಜಾಸ್ತಿ ಬಳಕೆಯಲ್ಲಿರುವುದು ಪಟಿಕ, ಅಂದರೆ ಆಲಂ. ಉಣ್ಣೆ, ರೇಷ್ಮೆ ಪ್ರಾಣಿಯಿಂದ ಬಂದ ನಾರು, ಪಟಿಕವನ್ನು ಸಲೀಸಾಗಿ ಹಿಡಿಯುತ್ತವೆ. ಹತ್ತಿ, ಲಿನನ್ ಗಿಡದ ನಾರು, ಅವಕ್ಕೆ ಪಟಿಕದ ಮೇಲೆ ಅಷ್ಟು ಒಲವಿಲ್ಲ. ಹಾಗಾಗಿ ಹತ್ತಿಗೆ ಮೊದಲು ಒಗರು ಕೊಡಬೇಕು. ಅಣಲೆಕಾಯಿ, ದಾಳಿಂಬೆ ಸಿಪ್ಪೆ, ಮಾಚಿಕಾಯಿ, ಇವುಗಳಲ್ಲಿರುವ ಒಗರಿನ ಅಂಶವೇ ಟ್ಯಾನಿನ್. ಅದು ಹತ್ತಿಗೆ ಅಂಟಿಕೊಳ್ಳುತ್ತದೆ, ಪಟಿಕ ಅದಕ್ಕೆ ಅಂಟಿಕೊಳ್ಳುತ್ತದೆ, ಬಣ್ಣ ಪಟಿಕಕ್ಕೆ. ಮೂರು ಮೆಟ್ಟಿಲು. ಒಂದು ಮೆಟ್ಟಿಲು ಹಾರಿದರೂ ಮೊದಲ ಒಗೆತದಲ್ಲೇ ಗೊತ್ತಾಗುತ್ತದೆ.

ಲೆಕ್ಕ ಯಾವಾಗಲೂ ಒಣ ಬಟ್ಟೆಯ ತೂಕದ ಮೇಲೆ, ನೀರಿನ ಅಳತೆಯ ಮೇಲಲ್ಲ. 200 ಗ್ರಾಂ ಬಟ್ಟೆಗೆ ಶೇಕಡಾ 15 ಪಟಿಕ ಅಂದರೆ 30 ಗ್ರಾಂ. ಪಾತ್ರೆಯಲ್ಲಿ ನೀರು ಐದು ಲೀಟರ್ ಇದ್ದರೂ ಎಂಟು ಲೀಟರ್ ಇದ್ದರೂ 30 ಗ್ರಾಮೇ. ಬಟ್ಟೆ ಆರಾಮಾಗಿ ಈಜುವಷ್ಟು ನೀರಿದ್ದರೆ ಸಾಕು.

ಈಗ ಕಬ್ಬಿಣದ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಬಟ್ಟೆ ಮತ್ತು ಪುಸ್ತಕ ನಿಜವಾಗಿ ಸೇರುವ ಜಾಗ ಇದು. ಒಗರು ಕುಡಿದ ಬಟ್ಟೆಯನ್ನು ಅನ್ನಭೇದಿ ಕರಗಿಸಿದ ನೀರಿನಲ್ಲಿ ಅದ್ದಿ. ಹಳದಿ ಬಟ್ಟೆ ಕಣ್ಣೆದುರೇ ಬೂದು ಆಗುತ್ತದೆ, ಹಾಗೇ ಕಪ್ಪಿನ ಕಡೆ ಹೋಗುತ್ತದೆ. ಅನ್ನಭೇದಿ ಅಂದರೆ ಕಬ್ಬಿಣದ ಉಪ್ಪು. ಕಬ್ಬಿಣವೂ ಟ್ಯಾನಿನ್ನೂ ಸೇರಿದರೆ ಕಪ್ಪು. ಈಗ ಇದೇ ಮಾಚಿಕಾಯಿ, ಇದೇ ಅನ್ನಭೇದಿ, ಜೊತೆಗೆ ಸ್ವಲ್ಪ ಗೋಂದು ಸೇರಿಸಿ ಬಾಟಲಿಯಲ್ಲಿಡಿ. ಅದು ಶಾಯಿ. ಯುರೋಪಿನಲ್ಲಿ ಶತಮಾನಗಟ್ಟಲೆ ಪತ್ರ, ಲೆಕ್ಕ, ಕವಿತೆ, ಸಂಗೀತ ಎಲ್ಲ ಬರೆದದ್ದು ಇದರಲ್ಲೇ. ಬಣ್ಣದ ಹಂಡೆ, ಶಾಯಿಯ ಕುಡಿಕೆ ಎರಡರಲ್ಲೂ ನಡೆಯುತ್ತಿದ್ದುದು ಒಂದೇ ರಸಾಯನ. ಎರಡಕ್ಕೂ ಬಂದ ಕಾಯಿಲೆಯೂ ಒಂದೇ. ಕಬ್ಬಿಣ ಜಾಸ್ತಿಯಾದರೆ ಅದು ನಾರನ್ನು ಒಳಗಿಂದ ತಿನ್ನುತ್ತದೆ. ಹಳೆಯ ಹಸ್ತಪ್ರತಿಗಳಲ್ಲಿ ಅಕ್ಷರ ಇದ್ದ ಜಾಗದಲ್ಲೇ ಕಾಗದ ತೂತಾಗಿ ಉದುರಿರುತ್ತದೆ. ಹಳೆಯ ಕಸೂತಿಗಳಲ್ಲಿ ಉಳಿದ ಬಣ್ಣದ ಎಳೆಗಳೆಲ್ಲ ಗಟ್ಟಿಯಾಗಿದ್ದು ಕಪ್ಪು ಎಳೆ ಮಾತ್ರ ಪುಡಿಯಾಗಿರುತ್ತದೆ.

ನಾನು ಇದನ್ನು ಕಲಿತದ್ದು ಒಂದು ಪುಸ್ತಕ ಕಳೆದುಕೊಂಡು. ಗಾಢ ಕಪ್ಪು ಬೇಕು ಅಂತ ಆಸೆಯಿಂದ ಅನ್ನಭೇದಿಯನ್ನು ಅಳೆಯದೆ ಸುರಿದಿದ್ದೆ. ಬಟ್ಟೆ ಚೆನ್ನಾಗಿಯೇ ಬಂತು, ಅದನ್ನು ಹೊದಿಕೆಗೆ ಹಾಕಿದೆ. ಒಂದು ವರ್ಷ ಆಗಿರಬಹುದು, ತೆರೆದು ಮುಚ್ಚುವ ಜಾಗದಲ್ಲಿ, ರಟ್ಟು ತಿರುಗುವ ಕೀಲಿನ ಉದ್ದಕ್ಕೂ ಬಟ್ಟೆ ಬ್ಲೇಡಿನಲ್ಲಿ ಸೀಳಿದ ಹಾಗೆ ಬಿಟ್ಟುಕೊಂಡಿತು. ಈಗ ಕಬ್ಬಿಣ ಶೇಕಡಾ 1 ಅಥವಾ 2, ಅದಕ್ಕಿಂತ ಮೇಲೆ ಹೋಗುವುದಿಲ್ಲ. ಕಪ್ಪು ಇನ್ನೂ ಬೇಕಾದರೆ ಮೊದಲು ನೀಲಿಯಲ್ಲಿ, ಅಂದರೆ ಇಂಡಿಗೋದಲ್ಲಿ ಅದ್ದಿ ಆಮೇಲೆ ಸ್ವಲ್ಪವೇ ಕಬ್ಬಿಣ ಕೊಡುತ್ತೇನೆ. ಪಟಿಕದ ಬಗ್ಗೆಯೂ ಎಚ್ಚರ ಬೇಕು. ಬಟ್ಟೆಗೆ ಬಣ್ಣ ಕಚ್ಚಿಸುವ ಅದೇ ಪಟಿಕ, 19ನೇ ಶತಮಾನದ ಕಾರ್ಖಾನೆ ಕಾಗದದಲ್ಲಿ ರಾಳದ ಜೊತೆ ಸೇರಿ ಹುಳಿ ಏರಿಸಿ ಎಷ್ಟೋ ಪುಸ್ತಕಗಳನ್ನು ಹಾಳು ಮಾಡಿದೆ. ಹಾಗಾಗಿ ಪುಸ್ತಕಕ್ಕೆ ಹೋಗುವ ಬಟ್ಟೆಯನ್ನು ನೀರು ತಿಳಿಯಾಗುವ ತನಕ ಜಾಲಿಸಬೇಕು. ಬೇಸರದ ಕೆಲಸ, ಆದರೆ ಬಿಡುವ ಹಾಗಿಲ್ಲ.

ನೀಲಿಯ ಕತೆ ಪೂರ್ತಿ ಬೇರೆ. ಅದಕ್ಕೆ ಪಟಿಕ ಬೇಡ. ನೀಲಿ ನೀರಿನಲ್ಲಿ ಕರಗುವುದೇ ಇಲ್ಲ. ಸುಣ್ಣದಂಥ ಕ್ಷಾರದ ನೀರಿನಲ್ಲಿ ಆಮ್ಲಜನಕ ಕಿತ್ತುಕೊಂಡರೆ ಮಾತ್ರ ಕರಗಿ ಹಳದಿ ಹಸಿರಾಗುತ್ತದೆ. ಫ್ರಾನ್ಸಿನ ಬಣ್ಣಗಾರ ಮಿಶೆಲ್ ಗಾರ್ಸಿಯಾ ಪ್ರಚಾರಕ್ಕೆ ತಂದ ಅಳತೆ ನೆನಪಿಡಲು ಸುಲಭ: ನೀಲಿ 1 ಪಾಲು, ಸುಣ್ಣ 2 ಪಾಲು, ಹಣ್ಣಿನ ಸಕ್ಕರೆ 3 ಪಾಲು. ಹಂಡೆಯಿಂದ ಹಸಿರಾಗಿ ಎತ್ತಿದ ಬಟ್ಟೆ ಗಾಳಿ ತಾಗಿದ ಹಾಗೆ ಅಂಚಿನಿಂದ ನೀಲಿಯಾಗುತ್ತಾ ಬರುತ್ತದೆ. ಎಷ್ಟು ಸಲ ನೋಡಿದರೂ ನಾನು ಕೆಲಸ ನಿಲ್ಲಿಸಿ ನೋಡುತ್ತೇನೆ. ಒಂದೇ ಸಲ ಉದ್ದಕ್ಕೆ ಅದ್ದಿಡುವುದಕ್ಕಿಂತ, ಸಣ್ಣಸಣ್ಣದಾಗಿ ಹಲವು ಸಲ ಅದ್ದಿದರೆ ಬಣ್ಣ ಗಟ್ಟಿ. ಪೆರುವಿನ ಹುವಾಕಾ ಪ್ರಿಯೆಟಾದಲ್ಲಿ ಸಿಕ್ಕಿದ ಹತ್ತಿ ಬಟ್ಟೆಯ ತುಂಡುಗಳಲ್ಲಿ ಸುಮಾರು 6000 ವರ್ಷ ಹಳೆಯ ನೀಲಿ ಇನ್ನೂ ಪತ್ತೆಯಾಗುತ್ತದೆ ಅಂದರೆ ಅದರ ಹಿಡಿತ ಎಷ್ಟಿರಬೇಕು ನೋಡಿ.

ಇದನ್ನೆಲ್ಲ ನೆನಪಿನಲ್ಲಿ ಇಡಲು ಆಗುವುದಿಲ್ಲ, ಇಡಬೇಕಾಗಿಯೂ ಇಲ್ಲ. ನನ್ನ ಕೆಲಸದ ಕೋಣೆಯಲ್ಲಿ ಬೆಂಕಿ ಬಿದ್ದರೆ ನಾನು ಎತ್ತಿಕೊಂಡು ಓಡುವುದು ನಮೂನೆ ಪುಸ್ತಕವನ್ನು. ಪ್ರತಿ ಪುಟದಲ್ಲೂ ಬೆರಳಗಲದ ಬಟ್ಟೆ ತುಂಡುಗಳು, ಪಕ್ಕದಲ್ಲಿ ಪೆನ್ಸಿಲಿನಲ್ಲಿ ತೂಕ, ಶೇಕಡಾ, ಎಷ್ಟು ಹೊತ್ತು, ಯಾವ ನೀರು. ಪ್ರತಿ ಬಣ್ಣದ ಇನ್ನೊಂದು ತುಂಡನ್ನು ಅರ್ಧ ಭಾಗ ರಟ್ಟಿನಿಂದ ಮುಚ್ಚಿ ಬಿಸಿಲು ಬೀಳುವ ಕಿಟಕಿಗೆ ಅಂಟಿಸುತ್ತೇನೆ. ಕೆಲವು ವಾರ ಬಿಟ್ಟು ರಟ್ಟು ತೆಗೆದರೆ ಮುಚ್ಚಿದ ಅರ್ಧ ಒಂದು ಬಣ್ಣ, ತೆರೆದ ಅರ್ಧ ಇನ್ನೊಂದು. ಅರಿಶಿನ ಬಹಳ ಬೇಗ ಓಡಿಹೋಗುತ್ತದೆ. ಮಂಜಿಷ್ಠ, ನೀಲಿ ನಿಲ್ಲುತ್ತವೆ. ಗಿಡದ ಬಣ್ಣ ಎಲ್ಲವೂ ಒಳ್ಳೆಯದು ಅಂತ ಸುಮ್ನೆ ಹೇಳುವವರಿಗೆ ಈ ಕಿಟಕಿ ತೋರಿಸುತ್ತೇನೆ.

ಈಗ ಪುಸ್ತಕಕ್ಕೆ ಬರೋಣ. ಇಲ್ಲಿ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ್ದು ನಾರಿನ ದಿಕ್ಕು. ಯಂತ್ರದಲ್ಲಿ ಮಾಡಿದ ಕಾಗದದಲ್ಲಿ ನಾರುಗಳು ಹೆಚ್ಚಾಗಿ ಒಂದೇ ಕಡೆ ಮುಖ ಮಾಡಿ ಮಲಗಿರುತ್ತವೆ, ಹೊಳೆಯಲ್ಲಿ ತೇಲುವ ಕಡ್ಡಿಗಳ ಹಾಗೆ. ನಾರು ನೀರು ಕುಡಿದಾಗ ಉದ್ದವಾಗುವುದು ಕಡಿಮೆ, ದಪ್ಪವಾಗುವುದು ಜಾಸ್ತಿ. ಹಾಗಾಗಿ ಹಾಳೆ ಒದ್ದೆಯಾದರೆ ನಾರಿಗೆ ಅಡ್ಡಲಾಗಿ ಹಿಗ್ಗುತ್ತದೆ. ಒಂದೇ ಹಾಳೆಯಿಂದ ಎರಡು ದಿಕ್ಕಿನಲ್ಲಿ ಒಂದೊಂದು ಪಟ್ಟಿ ಕತ್ತರಿಸಿ, ಎರಡನ್ನೂ ಸೇರಿಸಿ ತುದಿಯಲ್ಲಿ ಹಿಡಿಯಿರಿ. ಒಂದು ಪಟ್ಟಿ ನೆಟ್ಟಗೆ ನಿಲ್ಲುತ್ತದೆ, ಇನ್ನೊಂದು ಸೋತು ಜೋತು ಬೀಳುತ್ತದೆ. ನೆಟ್ಟಗೆ ನಿಂತದ್ದರಲ್ಲಿ ನಾರು ಉದ್ದಕ್ಕಿದೆ. ಪುಸ್ತಕದಲ್ಲಿ ಪುಟ, ರಟ್ಟು, ಹೊದಿಕೆ ಎಲ್ಲದರ ನಾರೂ ಬೆನ್ನಿನ ಉದ್ದಕ್ಕೆ ಇರಬೇಕು. ಹೊದಿಕೆ ಬಟ್ಟೆಯಾದರೆ ಹಾಸು ಎಳೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹಾಸಿದ ಎಳೆ, ಬೆನ್ನಿನ ಉದ್ದಕ್ಕೆ. ಅಡ್ಡ ಇಟ್ಟರೆ ಹಿಗ್ಗುವ ಹಾಳೆಗೆ ಹಿಗ್ಗಲು ಜಾಗ ಇರುವುದಿಲ್ಲ, ಬೆನ್ನಿನ ಹತ್ತಿರ ಹೊಲಿಗೆ ಹಿಡಿದಿರುತ್ತದೆ, ಪುಟ ಅಲೆಅಲೆಯಾಗುತ್ತದೆ. ಮಳೆಗಾಲದಲ್ಲಿ ತೆರೆದರೆ ಮತ್ತೆ ಮುಚ್ಚದ ಪುಸ್ತಕ ನೀವೂ ನೋಡಿರುತ್ತೀರಿ, ಅಲ್ವಾ? ಎಷ್ಟೋ ಸಲ ಅದರ ಕಾರಣ ಇದೇ.

ರಟ್ಟಿಗೆ ಹೊದಿಕೆ ಅಂಟಿಸುವಾಗಲೂ ಅದೇ ಕತೆ ನಡೆಯುತ್ತದೆ. ಅಂಟಿನಲ್ಲಿ ನೀರಿದೆ. ಹೊದಿಕೆ ಅದನ್ನು ಕುಡಿದು ಹಿಗ್ಗುತ್ತದೆ, ಹಿಗ್ಗಿದ ಸ್ಥಿತಿಯಲ್ಲೇ ರಟ್ಟಿಗೆ ಕೂರುತ್ತದೆ, ಒಣಗುವಾಗ ಕುಗ್ಗುತ್ತದೆ, ರಟ್ಟನ್ನೂ ತನ್ನ ಕಡೆ ಎಳೆಯುತ್ತದೆ. ರಟ್ಟು ದೊನ್ನೆಯ ಹಾಗೆ ಹೊರಕ್ಕೆ ಬಾಗುತ್ತದೆ. ಮೊದಲ ಸಲ ಮಾಡಿದವರು ಇಲ್ಲಿ ಗಾಬರಿಯಾಗುತ್ತಾರೆ. ರಟ್ಟಿನ ಒಳಮೈಗೆ ಕಾಗದ ಅಂಟಿಸುವುದು ಬರೀ ಅಂದಕ್ಕಲ್ಲ. ಅದು ಒಳಗಿನಿಂದ ಎಳೆದು ಲೆಕ್ಕ ಸರಿ ಮಾಡುತ್ತದೆ. ಎರಡೂ ಕಡೆಯ ಎಳೆತ ಸಮ ಆದರೆ ರಟ್ಟು ನೆಟ್ಟಗಾಗುತ್ತದೆ. ಭಾರದ ಕೆಳಗಿಟ್ಟು ಒಂದು ರಾತ್ರಿ ಬಿಡಬೇಕು. ಮಧ್ಯೆ ಎತ್ತಿ ನೋಡುವ ಆಸೆ ಎಲ್ಲರಿಗೂ ಬರುತ್ತದೆ, ನೋಡಬೇಡಿ.

ನಮ್ಮದೇ ಬಟ್ಟೆಯನ್ನು ಹೊದಿಕೆಗೆ ಹಾಕಬೇಕಾದರೆ ಹಾಗೇ ಅಂಟು ಬಳಿದರೆ ಆಗದು. ಎಳೆಗಳ ಸಂದಿಯಿಂದ ಅಂಟು ಮೇಲೆ ಬಂದು ಕಲೆಯಾಗುತ್ತದೆ. ಹಿಂಬದಿಗೆ ತೆಳ್ಳಗಿನ, ಉದ್ದ ನಾರಿನ ಕಾಗದ ಕೂರಿಸಬೇಕು. ಬಟ್ಟೆಯನ್ನು ಒದ್ದೆ ಮಾಡಿ ನಯವಾದ ಹಲಗೆಯ ಮೇಲೆ ಕವುಚಿ ಹಾಸಿ, ಎಳೆಗಳು ನೇರ ಬರುವ ಹಾಗೆ ಅಂಗೈಯಲ್ಲಿ ಸರಿಪಡಿಸಿ, ಗೋಧಿ ಗಂಜಿ ಬಳಿದ ಕಾಗದವನ್ನು ಒಂದು ತುದಿಯಿಂದ ಇಳಿಸುತ್ತಾ ಬ್ರಷ್ಷಿನಲ್ಲಿ ಗಾಳಿ ಹೊರಹಾಕಬೇಕು. ಆಮೇಲೆ ತಿರುಗಿಸಿ, ನಾಲ್ಕು ಅಂಚನ್ನು ಮಾತ್ರ ಹಲಗೆಗೆ ಅಂಟಿಸಿ ಬಿಟ್ಟರೆ ಒಣಗುತ್ತಾ ಡೊಳ್ಳಿನ ಚರ್ಮದ ಹಾಗೆ ಬಿಗಿಯುತ್ತದೆ. ಬೆರಳಲ್ಲಿ ತಟ್ಟಿದರೆ ಸದ್ದು ಬರುತ್ತದೆ. ಗೋಧಿ ಗಂಜಿಯೇ ಯಾಕೆ ಅಂದರೆ, ಮುಂದೆ ರಿಪೇರಿ ಮಾಡುವವರು ನೀರು ತಾಗಿಸಿ ಬಿಡಿಸಬಹುದು. ಬಿಳಿ ಪ್ಲಾಸ್ಟಿಕ್ ಅಂಟು ಗಟ್ಟಿ, ಬೇಗ ಒಣಗುತ್ತದೆ, ಆದರೆ ಒಣಗಿದ ಮೇಲೆ ಬಿಡಿಸುವುದು ಕಷ್ಟ.

ಅಂಟೇ ಇಲ್ಲದ ಪುಸ್ತಕಗಳೂ ಇವೆ. ಹಾಳೆಗಳನ್ನು ಮಡಚಿದ ಕಂತೆಗೆ ಅಚ್ಚಿನವರು ಫಾರಂ ಅನ್ನುತ್ತಾರೆ. ಫಾರಂಗಳನ್ನು ಒಂದಕ್ಕೊಂದು ಕೊಂಡಿ ಹಾಕುತ್ತಾ ಬರೀ ದಾರದಲ್ಲಿ ಹೊಲಿಯುವುದು ಕಾಪ್ಟಿಕ್ ಹೊಲಿಗೆ. ಬೆನ್ನ ಮೇಲೆ ಹೆಣಿಗೆಯ ಸರಪಳಿಯಂಥ ಸಾಲು ಕಾಣುತ್ತದೆ. ಕ್ರೋಶಾ ಗೊತ್ತಿದ್ದವರ ಕೈ ಇದನ್ನು ಕೂಡಲೇ ಗುರುತು ಹಿಡಿಯುತ್ತದೆ. 8ನೇ ಶತಮಾನದ ಮೊದಲ ಭಾಗದ ಸೇಂಟ್ ಕತ್‌ಬರ್ಟ್ ಸುವಾರ್ತೆ ಅನ್ನುವ ಚಿಕ್ಕ ಪುಸ್ತಕ ಇದೇ ಬಗೆಯ ಹೊಲಿಗೆಯದು. ತನ್ನ ಮೂಲ ಕಟ್ಟಿನಲ್ಲೇ ಉಳಿದಿರುವ ಯುರೋಪಿನ ಅತಿ ಹಳೆಯ ಪುಸ್ತಕ ಅದು, 2012ರಲ್ಲಿ ಬ್ರಿಟಿಷ್ ಲೈಬ್ರರಿ ಅದನ್ನು ಕೊಂಡಿತು. 1966ರ ನವೆಂಬರಿನಲ್ಲಿ ಫ್ಲಾರೆನ್ಸ್ ನಗರಕ್ಕೆ ನೆರೆ ಬಂದು ಗ್ರಂಥಾಲಯಗಳು ಮುಳುಗಿದಾಗ, ರಕ್ಷಣೆಗೆ ಹೋದವರು ಒಂದು ವಿಷಯ ಗಮನಿಸಿದರು: ರಟ್ಟಿಲ್ಲದೆ, ಬೆನ್ನಿಗೆ ಅಂಟು ಮೆತ್ತದೆ, ಮೆತ್ತನೆ ಚರ್ಮದ ಹೊದಿಕೆಯಲ್ಲಿ ಕಟ್ಟಿದ ಹಳೆ ಪುಸ್ತಕಗಳು ಕೆಸರು ನೀರನ್ನು ಉಳಿದವುಗಳಿಗಿಂತ ಚೆನ್ನಾಗಿ ತಾಳಿಕೊಂಡಿದ್ದವು. ನಾರಿಗೆ ಹಿಗ್ಗಲು, ಕುಗ್ಗಲು ಜಾಗ ಇತ್ತು. ಇವತ್ತು ಪುಸ್ತಕ ಕಲಾವಿದರು ಅಂಟಿಲ್ಲದ ಕಟ್ಟುಗಳನ್ನು ಇಷ್ಟು ಪ್ರೀತಿಸುವುದಕ್ಕೆ ಆ ನೆರೆಯ ಪಾಠವೂ ಒಂದು ಕಾರಣ.

ಇನ್ನು ಕಲಿಸುವುದು. ಕಲಿಸುವುದನ್ನು ನಾನು ಕೆಲಸದಿಂದ ಬೇರೆ ಅಂತ ಎಣಿಸುವುದಿಲ್ಲ. ನನ್ನ ಕೈಗೆ ಗೊತ್ತಿದ್ದು ಬಾಯಿಗೆ ಗೊತ್ತಿಲ್ಲದ ಎಷ್ಟೋ ಸಂಗತಿ ಹೊರಬರುವುದು ಕಲಿಸುವಾಗಲೇ. ಮೊದಲ ತರಗತಿಯಲ್ಲಿ ಪ್ರತಿಯೊಬ್ಬರೂ ಒಂದು ಪುಸ್ತಕ ಮುಗಿಸಿಯೇ ಎದ್ದು ಹೋಗಬೇಕು, ಇದು ನನ್ನ ಒಂದೇ ಹಟ. ಅದಕ್ಕೆ ಮೂರು ತೂತಿನ ಹೊಲಿಗೆ ಸಾಕು. ಹಾಳೆಗಳನ್ನು ಮಡಚಿ, ಮಡಿಕೆಯಲ್ಲಿ ಮೇಲೊಂದು, ನಡುವೊಂದು, ಕೆಳಗೊಂದು ತೂತು. ದಾರ ಬೆನ್ನಿನ ಉದ್ದದ ಮೂರರಷ್ಟು ಇದ್ದರೆ ಧಾರಾಳ. ಸೂಜಿ ಒಳಗಿನಿಂದ ನಡುವಿನ ತೂತಿನಲ್ಲಿ ಹೊರಗೆ, ಮೇಲಿನ ತೂತಿನಲ್ಲಿ ಒಳಗೆ, ನಡುವನ್ನು ಬಿಟ್ಟು ಉದ್ದಕ್ಕೆ ಕೆಳಗಿನ ತೂತಿಗೆ ಇಳಿದು ಹೊರಗೆ, ಮತ್ತೆ ನಡುವಿನ ತೂತಿನಲ್ಲಿ ಒಳಗೆ. ಈಗ ದಾರದ ಎರಡು ತುದಿಯೂ ಒಳಗಿವೆ. ಒಂದು ತುದಿ ಆ ಉದ್ದನೆ ದಾರದ ಎಡಕ್ಕೆ, ಇನ್ನೊಂದು ಬಲಕ್ಕೆ ಬರಬೇಕು, ಅದನ್ನು ನಡುವೆ ಸೇರಿಸಿಕೊಂಡು ಗಂಟು ಹಾಕಬೇಕು. ಒಮ್ಮೆ ಒಬ್ಬ ಅಜ್ಜಿ ಗಂಟು ಹಾಕುವ ಮೊದಲೇ ಸೂಜಿ ಹಿಡಿದು ನನ್ನ ಕಡೆ ನೋಡಿದರು. "ಈ ಉದ್ದನೆ ದಾರನ ಸೇರಿಸಿ ಕಟ್ಟದಿದ್ರೆ ಗಂಟು ತೂತೊಳಗೆ ಜಾರಿಬಿಡುತ್ತೆ, ಅಲ್ವಾ ಮಗಾ?" ಪುಸ್ತಕ ಹೊಲಿದದ್ದು ಅವರಿಗೆ ಅದೇ ಮೊದಲು. ಹರಿದ ಬಟ್ಟೆ ಹೊಲಿದದ್ದು ಅರವತ್ತು ವರ್ಷ. ಆ ದಿನ ಮೇಜಿನ ಆ ತುದಿಯಲ್ಲಿ ಕಲಿಸಿದ್ದು ಅವರೇ.

ಕೆಲವು ಸಣ್ಣ ಸಂಗತಿಗಳಿಂದ ತರಗತಿ ಉಳಿಯುತ್ತದೆ ಅಥವಾ ಕೆಡುತ್ತದೆ. ಎದುರು ಕೂತು ತೋರಿಸಿದರೆ ಎಡ ಬಲ ಅದಲುಬದಲಾಗುತ್ತದೆ, ಪಕ್ಕದಲ್ಲಿ ಕೂರಬೇಕು. ಎಡಗೈಯವರಿಗೆ ಮಾತ್ರ ಎದುರು ಕೂತರೆ ಕನ್ನಡಿಯ ಹಾಗೆ ಸರಿಹೋಗುತ್ತದೆ. ಗಂಟು ನೋವಿರುವ ಬೆರಳಿಗೆ ದೊಡ್ಡ ಕಣ್ಣಿನ ಸೂಜಿ, ಮೇಣ ಸವರಿದ ದಪ್ಪ ದಾರ. ಕಣ್ಣು ಮಂಜಾದವರು ತೂತನ್ನು ಬೆರಳಲ್ಲಿ ಹುಡುಕಬಲ್ಲರು, ಬೇಗ ಮಾಡು ಅಂತ ಯಾರೂ ಅವಸರ ಮಾಡದಿದ್ದರೆ ಸಾಕು. ಮಕ್ಕಳಿರುವ ಕಡೆ ಸುಣ್ಣದ ನೀಲಿ ಹಂಡೆಯನ್ನೂ ಅನ್ನಭೇದಿಯನ್ನೂ ಹೊರಗೆ ತೆಗೆಯುವುದೇ ಇಲ್ಲ. ಈರುಳ್ಳಿ ಸಿಪ್ಪೆಯೇ ಅವರಿಗೆ ಬೇಕಾದಷ್ಟು ಬಣ್ಣ ಕೊಡುತ್ತದೆ. ಬಣ್ಣದ ಪಾತ್ರೆ ಮತ್ತೆ ಅಡುಗೆಗೆ ಹೋಗಬಾರದು, ಪುಡಿ ತೂಗುವಾಗ ಮಾಸ್ಕ್ ಇರಬೇಕು. ಇವೆರಡಕ್ಕೆ ರಿಯಾಯಿತಿ ಇಲ್ಲ.

ಜನ ಒಟ್ಟಿಗೆ ಕೂತು ಹೊಲಿದಾಗ ಮಾತು ಬರುತ್ತದೆ. ಕಣ್ಣು ಸೂಜಿಯ ಮೇಲಿರುವುದರಿಂದ ಹೇಳಲು ಕಷ್ಟವಾದದ್ದನ್ನೂ ಹೇಳಿಬಿಡುತ್ತಾರೆ. ಚಿಲಿ ದೇಶದಲ್ಲಿ 1973ರ ಸೈನಿಕ ದಂಗೆಯ ನಂತರ, ಮನೆಯವರು ಕಾಣೆಯಾದ ಹೆಂಗಸರು ಗೋಣಿ ಬಟ್ಟೆಯ ಮೇಲೆ ಚಿಂದಿ ಹೊಲಿದು ತಮ್ಮ ಕತೆ ಹೇಳಿದರು. ಅರ್ಪಿಯೆರಾ ಅನ್ನುತ್ತಾರೆ ಅದಕ್ಕೆ, ಆ ಮಾತಿನ ಅರ್ಥವೇ ಗೋಣಿ ಬಟ್ಟೆ. ಅಮೆರಿಕದಲ್ಲಿ 1987ರಲ್ಲಿ ಶುರುವಾದ ಏಡ್ಸ್ ಸ್ಮಾರಕ ಕೌದಿಯಲ್ಲಿ ತೀರಿಹೋದ ಒಬ್ಬೊಬ್ಬರ ಹೆಸರಿಗೆ 3 ಅಡಿ ಅಗಲ, 6 ಅಡಿ ಉದ್ದದ ಒಂದು ತುಂಡು. ಅಳತೆ ಒಂದೇ ಆದ್ದರಿಂದ ಯಾರು ಎಲ್ಲಿ ಹೊಲಿದರೂ ಸೇರಿಸಬಹುದು. ನಾನು ಅದರಿಂದ ಕಲಿತದ್ದು ಇಷ್ಟು: ಅಳತೆ ನೀನು ಹೇಳು, ಒಳಗೆ ಏನಿರಬೇಕು ಅಂತ ಹೇಳಬೇಡ. ನಮ್ಮ ತರಗತಿಯಲ್ಲೂ ಒಬ್ಬೊಬ್ಬರು ಒಂದೊಂದು ಬಟ್ಟೆಯ ಪುಟ ಮಾಡಿ, ಎಲ್ಲ ಸೇರಿಸಿ ಒಂದು ಪುಸ್ತಕ ಕಟ್ಟುತ್ತೇವೆ. ಮಾಡಿ ಮುಗಿದ ಮೇಲೆ ಆ ಪುಸ್ತಕ ಯಾರ ಬಳಿ ಇರಬೇಕು, ಯಾರಿಗೆ ತೋರಿಸಬಹುದು ಅನ್ನುವುದನ್ನು ಮೊದಲ ದಿನವೇ ಎಲ್ಲರೂ ಕೂತು ತೀರ್ಮಾನಿಸಬೇಕು.

ಹೀಗೆ ಇಪ್ಪತ್ತು ಜನ ಇಪ್ಪತ್ತು ಬಟ್ಟೆಯ ಪುಟ ಮಾಡಿ ತಂದಾಗ ಒಂದು ಕಷ್ಟ ಎದುರಾಗುತ್ತದೆ. ಕಸೂತಿ, ಗುಂಡಿ, ತೇಪೆ ಎಲ್ಲ ಸೇರಿ ಪುಟದ ನಡುಭಾಗ ದಪ್ಪ, ಹೊಲಿಯುವ ಅಂಚು ತೆಳು. ಹಾಗೇ ಕಟ್ಟಿದರೆ ಪುಸ್ತಕ ಬೀಸಣಿಗೆಯ ಹಾಗೆ ಬಾಯಿ ತೆರೆದೇ ನಿಲ್ಲುತ್ತದೆ. ಅದಕ್ಕೆ ಬೆನ್ನಿನ ಹತ್ತಿರ, ಪುಟ ಪುಟದ ನಡುವೆ ಎರಡು ಬೆರಳಗಲದ ಬಟ್ಟೆ ಪಟ್ಟಿಗಳನ್ನು ಸೇರಿಸಿ ಹೊಲಿಯುತ್ತೇವೆ. ಎಷ್ಟು ಪಟ್ಟಿ ಬೇಕು ಅನ್ನುವುದಕ್ಕೆ ಲೆಕ್ಕವಿಲ್ಲ, ಕೈಯೇ ಹೇಳಬೇಕು. ಕೊನೆಯ ತರಗತಿಯಲ್ಲಿ ಪುಟಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ಮೇಜಿನ ನಡುವೆ ಇಡುತ್ತೇವೆ. ಒಬ್ಬೊಬ್ಬರೇ ಬಂದು ಒಂದು ಅಂಗೈ ಬೆನ್ನಿನ ಕಡೆ, ಇನ್ನೊಂದು ಅಂಗೈ ಬಾಯಿಯ ಕಡೆ ಊರಿ ಒತ್ತಿ ನೋಡುತ್ತಾರೆ. ಇಲ್ಲಿ ಇನ್ನೊಂದು ಪಟ್ಟಿ ಬೇಕು ಅನ್ನುತ್ತಾರೆ ಒಬ್ಬರು. ಬೇಡ, ಅದು ನನ್ನ ಪುಟ, ಒಗೆದ ಮೇಲೆ ಇನ್ನೂ ಸ್ವಲ್ಪ ಕುಗ್ಗುತ್ತೆ ಅನ್ನುತ್ತಾರೆ ಇನ್ನೊಬ್ಬರು.